ಹೊಸ ಬೇಸಾಯಗಾರನೂ ಅಹಿಂಸಾಣುವ್ರತವೂ

ಕೃಷ್ಣರಾಜಪುರವು ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. ಒಂದು ಕಾಲಕ್ಕೆ ಅದರ ಸುತ್ತಲೂ ರಾಗಿ, ಅವರೆ, ಹುರುಳಿಯ ಹೊಲಗಳಿದ್ದವು. ಇಂದು ಅಲ್ಲಿ ಬಡಾವಣೆಗಳು ಎದ್ದಿವೆ. ಆದರೆ ಆ ಬಡಾವಣೆಗಳಲ್ಲಿ ನೆಲೆಸಿದ ವ್ಯಾಪಾರಸ್ಥ ಕುಟುಂಬಗಳಲ್ಲಿಯೇ ಹೊಸಕೋಟೆಯ ಕಡೆಗೋ ಕೋಲಾರದ ಕಡೆಗೋ ಎರಡೆಕರೆ ಭೂಮಿ ಕೊಂಡು ಬೇಸಾಯ ಮಾಡಬೇಕೆಂಬ ಹಂಬಲ ಕಾಣಿಸಿಕೊಳ್ಳುವುದುಂಟು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ 1974ರಲ್ಲಿ ಭೂಸುಧಾರಣಾ ಕಾಯಿದೆಗೆ ಸೇರಿಸಿದ್ದ 79ಎ ಮತ್ತು 79ಬಿ ಕಲಮುಗಳು 2020ರ ತಿದ್ದುಪಡಿಯಿಂದ ರದ್ದಾದವು. ಕಾನೂನಿನ ಆ ಅಡ್ಡಿ ಸರಿಯಿತು. ಆದರೆ ಜೈನ ಗೃಹಸ್ಥನೆದುರು ಅದಕ್ಕಿಂತ ಹಳೆಯದಾದ ಪ್ರಶ್ನೆಯೊಂದು ಹಾಗೆಯೇ ನಿಂತಿದೆ: ನೇಗಿಲ ಮೊನೆಗೆ ಸಿಕ್ಕಿ ಸಾಯುವ ಎರೆಹುಳು, ಇರುವೆಗಳ ಪಾಪ ಯಾರದು?

ಈ ಸಂಕೋಚಕ್ಕೆ ಆಧಾರವಿಲ್ಲದಿಲ್ಲ. ಶ್ರಾವಕನು ತೊರೆಯಬೇಕಾದ ಹದಿನೈದು ಕರ್ಮಾದಾನಗಳಲ್ಲಿ ನೆಲವನ್ನು ಒಡೆಯುವ ಸ್ಫೋಟಕರ್ಮವೂ ಸೇರಿದೆ. ಆದರೆ ಅಸಿ, ಮಸಿ, ಕೃಷಿ ಮೊದಲಾದ ಆರು ವೃತ್ತಿಗಳನ್ನು ಜಗತ್ತಿಗೆ ಕಲಿಸಿದವನು ಆದಿತೀರ್ಥಂಕರನೇ ಎಂಬುದೂ ಅದೇ ಪರಂಪರೆಯ ಮಾತು. ಬೆಳಗಾವಿ ಸೀಮೆಯಲ್ಲಿಯೂ ತುಳುನಾಡಿನಲ್ಲಿಯೂ ಜೈನರು ತಲೆತಲಾಂತರದಿಂದ ಬೇಸಾಯಗಾರರು. ಸೋಮದೇವಸೂರಿಯು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಬೆಸ್ತನನ್ನೂ ಬೇಸಾಯಗಾರನನ್ನೂ ಹೋಲಿಸುತ್ತಾನೆ. ಒಂದು ಮೀನೂ ಸಿಗದ ದಿನ ಕೂಡ ಕೊಲ್ಲುವ ಸಂಕಲ್ಪದಿಂದ ಬೆಸ್ತನು ಪಾಪಿಯಾಗುತ್ತಾನೆ. ಉಳುವವನ ಕೈಯಿಂದ ಜೀವಗಳು ಸತ್ತರೂ ಅವನ ಸಂಕಲ್ಪ ಅನ್ನದ ಕಡೆಗಿರುವುದರಿಂದ ಅಂಥ ಪಾಪ ಅವನಿಗಿಲ್ಲ ಎಂಬುದು ಆ ಹೋಲಿಕೆಯ ತಿರುಳು.

ಉಳದೇ ಇರುವವನು ಪಾಪದಿಂದ ಪಾರಾದನೆನ್ನುವುದೂ ಕಷ್ಟ. ಹಿಂಸೆಯು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆ. ಅಂಗಡಿಯಿಂದ ಅಕ್ಕಿ ತಂದು ಉಣ್ಣುವ ಮನೆಗೆ ಉತ್ತ ದೋಷವಿಲ್ಲದಿರಬಹುದು. ಆದರೆ ಆ ಅನ್ನಕ್ಕಾಗಿ ಇನ್ನೊಬ್ಬನು ಉಳಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ಪರರ ಕೈಗೆ ನೇಗಿಲನ್ನು ಕೊಟ್ಟು ತನ್ನ ಕೈ ಶುದ್ಧವೆಂದು ಭಾವಿಸುವುದಕ್ಕಿಂತ, ತಾನೇ ನೇಗಿಲು ಹಿಡಿದು ಜೀವಹಾನಿಯನ್ನು ತಗ್ಗಿಸಲು ಯತ್ನಿಸುವವನು ವ್ರತಕ್ಕೆ ಹೆಚ್ಚು ಹತ್ತಿರದಲ್ಲಿದ್ದಾನೆ.

ಹಾಗೆಂದು ಕೃಷಿಯ ಹೆಸರಿನಲ್ಲಿ ಎಲ್ಲವೂ ಸಲ್ಲುವುದಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಗೃಹಸ್ಥನು ಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಉಳುಮೆಯು ಉದ್ಯೋಗೀ ಹಿಂಸೆ. ಗೂಡಿನೊಳಗಿನ ಹುಳುವನ್ನು ಕೊಂದೇ ನೂಲು ತೆಗೆಯುವ ರೇಷ್ಮೆಯು ಈ ಸೀಮೆಯಲ್ಲಿ ಲಾಭದ ಕಸುಬಾದರೂ ಶ್ರಾವಕನಿಗೆ ಸಲ್ಲದು. ಕೀಟನಾಶಕದ ವಿಷಯವು ಇನ್ನೂ ಜಟಿಲ. ಬೆಳೆಯ ರಕ್ಷಣೆಯಾದುದರಿಂದ ಅದು ವಿರೋಧೀ ಹಿಂಸೆಯೆಂದು ಕೆಲವರು ವಾದಿಸಬಹುದು. ಆದರೆ ಬೇರೆ ದಾರಿಗಳನ್ನು ಹುಡುಕದೆ ಮೊದಲ ದಿನವೇ ವಿಷದ ಡಬ್ಬಿಗೆ ಕೈಹಾಕುವವನು ಆ ವಾದದ ಆಶ್ರಯ ಪಡೆಯಲಾರನು. ಅದನ್ನು ಸಿಂಪಡಿಸುವ ಕೂಲಿಯವನ ಉಸಿರಿಗೂ ಆ ವಿಷ ಹೋಗುತ್ತದೆ; ಅದು ಒಡೆಯನ ಕಾರಿತ ಹಿಂಸೆ.

ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹೊಸ ಬೇಸಾಯಗಾರನ ದೊಡ್ಡ ಪ್ರಮಾದವೆಂದರೆ ಅರಿಯದೆ ಆರಂಭಿಸುವುದು. ಹುಳುಬಾಧೆ ಹೆಚ್ಚಿರುವ ತರಕಾರಿಯನ್ನು ಬೆಲೆಯಾಸೆಯಿಂದ ಹಾಕಿ, ನಷ್ಟದ ಭಯದಿಂದ ವಿಷ ಸಿಂಪಡಿಸುವವನು ತನ್ನ ಅಜ್ಞಾನದಿಂದಲೇ ಹಿಂಸೆಗೆ ಸಿಲುಕುತ್ತಾನೆ. ಈ ಕೆಂಪು ನೆಲಕ್ಕೆ ಒಗ್ಗಿದ ರಾಗಿಯಿಂದ ತೊಡಗುವುದು ವಿವೇಕ. ಮಳೆಯಾಶ್ರಯದಲ್ಲಿಯೇ ಅದು ಬೆಳೆಯುತ್ತದೆ. ಎಕರೆಗೆ ನಾಲ್ಕೈದು ಕಿಲೋ ಬಿತ್ತನೆ ಸಾಕು. ಕಾಳನ್ನು ವರ್ಷಗಟ್ಟಲೆ ಇಟ್ಟರೂ ಹುಳು ಹಿಡಿಯುವುದು ಅಪರೂಪ. ಅದಕ್ಕಿರುವ ಮುಖ್ಯ ಶತ್ರು ಬೆಂಕಿರೋಗ. ಅದನ್ನು ತಡೆದುಕೊಳ್ಳುವ ಜಿಪಿಯು 28ರಂಥ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಕೊಟ್ಟಿದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯನ್ನು ಅಕ್ಕಡಿಯಾಗಿ ಬಿತ್ತಿದರೆ ನೆಲಕ್ಕೂ ಸಾರ, ಮನೆಗೂ ಬೇಳೆ. ಇಷ್ಟನ್ನು ಮೊದಲ ವರ್ಷ ಅರ್ಧ ಎಕರೆಯಲ್ಲಿ ಕಲಿತು, ನೆರೆಯ ಹಿರಿಯ ರೈತನ ಮಾತಿಗೆ ಕಿವಿಗೊಟ್ಟು ಮುಂದುವರಿಯುವುದೇ ಅಪ್ರಮಾದ.

ಇದಕ್ಕೆ ಹತ್ತಿರದಲ್ಲಿಯೇ ನಿದರ್ಶನವಿದೆ. ಇದೇ ತಾಲ್ಲೂಕಿನ ವರ್ತೂರು ಕಡೆಯವರಾದ ಎಲ್. ನಾರಾಯಣ ರೆಡ್ಡಿಯವರು ಮೊದಲು ರಾಸಾಯನಿಕಗಳನ್ನೇ ನಂಬಿ ಬೇಸಾಯ ಮಾಡಿದರು; ಅನುಭವ ಮಾಗಿದಂತೆ ಅವನ್ನು ತೊರೆದರು. ದೊಡ್ಡಬಳ್ಳಾಪುರದ ಬಳಿಯ ತಮ್ಮ ತೋಟದಲ್ಲಿ ವಿಷವಿಲ್ಲದ ಬೇಸಾಯವನ್ನು ಬಂದವರಿಗೆಲ್ಲ ಕಲಿಸುತ್ತ ಬಾಳಿ, 2019ರಲ್ಲಿ ನಿಧನರಾದರು. ಜೈನಶಾಸ್ತ್ರದ ಮಾತನ್ನಾಡದೆಯೂ ಅವರು ಮಣ್ಣಿನ ಜೀವಗಳ ಪರವಾಗಿ ಮಾತನಾಡಿದರು.

ಕೊನೆಯದಾಗಿ ಪರಿಗ್ರಹದ ಮಾತು. ಗೃಹಸ್ಥನು ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಲ್ಲಿ ಮೊದಲ ಹೆಸರೇ ಕ್ಷೇತ್ರ, ಎಂದರೆ ಹೊಲ. ನಾಳೆ ನಿವೇಶನವಾಗಿ ಮಾರಲೆಂದು ಇಂದು ಹೊಲ ಕೊಂಡವನು ಬೇಸಾಯಗಾರನಲ್ಲ. ಅವನ ಹೊಲದಲ್ಲಿ ಒಂದು ಎರೆಹುಳುವೂ ಸಾಯದಿರಬಹುದು, ಆದರೆ ಲೋಭವು ಬೆಳೆಯುತ್ತದೆ. ತನ್ನ ಮನೆಗೂ ದಾನಕ್ಕೂ ಬೇಕಾದಷ್ಟು ನೆಲವನ್ನು ಇಟ್ಟುಕೊಂಡು, ದುಡಿದವರಿಗೆ ನ್ಯಾಯವಾದ ಕೂಲಿ ಕೊಟ್ಟು, ಪ್ರತಿ ಸಾಲಿನಲ್ಲಿಯೂ ನೋಡಿ ನಡೆಯುವವನಿಗೆ ಆ ಹೊಲವೇ ಅಣುವ್ರತದ ಪಾಠಶಾಲೆ.