ಮುಕ್ತ ಮಾರುಕಟ್ಟೆಯೂ ಪರಿಗ್ರಹ ಪರಿಮಾಣವೂ

ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರಕ್ಕೆ ತಳಹದಿಯಾದ ತತ್ತ್ವಗಳು ಕೆಲವೇ. ಕೊಳ್ಳುವವನೂ ಮಾರುವವನೂ ಬಲಾತ್ಕಾರವಿಲ್ಲದೆ ಒಪ್ಪಿ ವ್ಯವಹರಿಸಬೇಕು, ಬೆಲೆಯು ಬೇಡಿಕೆ ಪೂರೈಕೆಗಳಿಂದ ನಿರ್ಣಯವಾಗಬೇಕು, ಸ್ಪರ್ಧೆಗೆ ಅಡ್ಡಿಯಿರಬಾರದು. ಇವನ್ನು ವಿಸ್ತಾರವಾಗಿ ಪ್ರತಿಪಾದಿಸಿದ 'ರಾಷ್ಟ್ರಗಳ ಸಂಪತ್ತು' ಎಂಬ ಗ್ರಂಥ 1776ರಲ್ಲಿ ಪ್ರಕಟವಾಯಿತು. ಅದರ ಕರ್ತೃ ಆಡಂ ಸ್ಮಿತ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎಂಬುದು ಗಮನಾರ್ಹ.

ಈ ತತ್ತ್ವಗಳಿಗೂ ಶ್ರಾವಕನ ಅಣುವ್ರತಗಳಿಗೂ ಬಹುಮಟ್ಟಿಗೆ ವಿರೋಧವಿಲ್ಲ. ತೂಕ ಅಳತೆಗಳಲ್ಲಿ ಮೋಸ, ಕಲಬೆರಕೆ, ಕದ್ದ ಮಾಲನ್ನು ಕೊಳ್ಳುವುದು ಇವೆಲ್ಲ ಅಚೌರ್ಯಾಣುವ್ರತದ ಅತಿಚಾರಗಳು. ವಂಚನೆಯಿರುವಲ್ಲಿ ಕೊಳ್ಳುವವನ ಒಪ್ಪಿಗೆಯು ನಿಜವಾದ ಒಪ್ಪಿಗೆಯಲ್ಲ. ಆದುದರಿಂದ ಈ ವ್ರತವು ಮಾರುಕಟ್ಟೆಗೆ ಆಧಾರವೇ ಹೊರತು ಅಡ್ಡಿಯಲ್ಲ.

ಕಠಿಣ ಪ್ರಶ್ನೆ ಏಳುವುದು ಬರಗಾಲದಲ್ಲಿ. ಸ್ಮಿತ್ ಧಾನ್ಯದ ವರ್ತಕನನ್ನು ಸಮರ್ಥಿಸುತ್ತಾರೆ. ಬೆಳೆ ಕೆಟ್ಟ ವರ್ಷ ಬೆಲೆ ಏರಿದರೆ ಜನರು ಮೊದಲಿನಿಂದಲೇ ಮಿತವಾಗಿ ಬಳಸುವರು. ಇದ್ದ ಧಾನ್ಯ ಮುಂದಿನ ಸುಗ್ಗಿಯವರೆಗೆ ಒದಗುವುದು ಎಂಬುದು ಅವರ ವಾದ. ಸಮಂತಭದ್ರಾಚಾರ್ಯರಾದರೋ 'ರತ್ನಕರಂಡ ಶ್ರಾವಕಾಚಾರ'ದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳ ಪೈಕಿ ಅತಿಸಂಗ್ರಹವನ್ನೂ ಲೋಭವನ್ನೂ ಎಣಿಸಿದ್ದಾರೆ. ವರ್ತಕನು ಯಾರ ಮಾತನ್ನು ಅನುಸರಿಸಬೇಕು?

ಸ್ಮಿತ್ ಅವರ ವಾದದಲ್ಲಿ ಹುರುಳಿದೆ. ಬೆಲೆಯನ್ನು ಬಲವಂತವಾಗಿ ಇಳಿಸಿದರೆ ಬೇರೆಡೆಯಿಂದ ಧಾನ್ಯ ತರುವ ಉತ್ಸಾಹ ಯಾರಿಗೂ ಉಳಿಯದು. ಆದರೆ ಬೆಲೆಯು ಹಣವುಳ್ಳವನ ಹಸಿವನ್ನು ಮಾತ್ರ ಕಾಣಬಲ್ಲದು. 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿದ ಅಮರ್ತ್ಯ ಸೇನ್, ಆ ವರ್ಷ ಧಾನ್ಯದ ಪ್ರಮಾಣ ವಿಪರೀತವಾಗಿ ಕುಗ್ಗಿರಲಿಲ್ಲವೆಂದೂ, ಕೃಷಿ ಕೂಲಿಕಾರರು ಮೊದಲಾದವರಿಗೆ ಕೊಳ್ಳುವ ಶಕ್ತಿಯೇ ಉಡುಗಿತ್ತೆಂದೂ 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಲಕ್ಷಾಂತರ ಜನರ ಹಸಿವು ಬೆಲೆಯ ಲೆಕ್ಕಕ್ಕೆ ಬರಲೇ ಇಲ್ಲ.

ಹಾಗಾದರೆ ದೋಷವಿರುವುದು ಸಂಗ್ರಹದಲ್ಲಲ್ಲ, 'ಅತಿ'ಯಲ್ಲಿ. ಸುಗ್ಗಿಯಲ್ಲಿ ಕೊಂಡು, ಹುಳು ಹಿಡಿಯದಂತೆ ಕಾಪಾಡಿ, ಕೊರತೆಯ ದಿನಗಳಲ್ಲಿ ಮಾರುವುದು ಸಮಾಜಕ್ಕೆ ಉಪಕಾರವೇ. ಕೊರತೆ ಇನ್ನಷ್ಟು ಹೆಚ್ಚಲೆಂದು ಮಾಲನ್ನು ಹೊರಗೆ ತೆಗೆಯದೆ ಕಾಯುವುದು ಅತಿಸಂಗ್ರಹ. ಹೊರನೋಟಕ್ಕೆ ಎರಡೂ ಬೀಗ ಹಾಕಿದ ಉಗ್ರಾಣಗಳೇ, ಭೇದವಿರುವುದು ಭಾವದಲ್ಲಿ. ಮಳೆಯಾಯಿತೆಂಬ ವಾರ್ತೆಯನ್ನು ಕೇಳಿ ಯಾವ ವರ್ತಕನ ಮನಸ್ಸು ಕುಗ್ಗುವುದೋ ಅವನು ಪರರ ಹಸಿವನ್ನು ಬಯಸಿದವನೇ ಸರಿ. ಅದು ಭಾವಹಿಂಸೆ. ಯಾವ ಕಾಯಿದೆಯೂ ಈ ಪರೀಕ್ಷೆಯನ್ನು ಮಾಡಲಾರದು. ಪ್ರತಿಕ್ರಮಣದ ವೇಳೆಯಲ್ಲಿ ಅವನೇ ಮಾಡಿಕೊಳ್ಳಬೇಕು.

ಇನ್ನು ಪರಿಮಾಣದ ವಿಚಾರ. ಇಷ್ಟು ಸಾಕೆಂದು ಮಾರುಕಟ್ಟೆ ಎಂದೂ ಹೇಳದು; ಹೇಳುವುದು ಅದರ ಕೆಲಸವೂ ಅಲ್ಲ. ಲಾಭವು ಕಣ್ಣೆದುರಿಗೆ ಬರುವ ಮೊದಲೇ ಮಿತಿಯನ್ನು ನಿಶ್ಚಯಿಸಿಕೊಂಡವನಿಗೆ ಮಾತ್ರ ಆ ಮಿತಿ ಉಪಯೋಗಕ್ಕೆ ಬರುತ್ತದೆ. ಮಿತಿಗಿಂತ ಹೆಚ್ಚಾಗಿ ಬಂದುದು ಆಹಾರದಾನಕ್ಕೆ ಸಲ್ಲಲಿ. ಬಸದಿಗಳ ಟ್ರಸ್ಟುಗಳು ಕೂಡ ತಮ್ಮ ಕಣಜಕ್ಕೂ ಠೇವಣಿಗೂ ಇಂತಹ ಮಿತಿಯನ್ನು ಒಳ್ಳೆಯ ವರ್ಷಗಳಲ್ಲಿಯೇ ಗೊತ್ತುಮಾಡಿಕೊಂಡರೆ, ಬರ ಬಂದಾಗ ಕೊಳ್ಳಲಾರದ ಮನೆಗಳಿಗೆ ಅನ್ನ ಮುಟ್ಟಿಸಲು ಸಭೆ ಸೇರಿ ಚರ್ಚಿಸುತ್ತ ಕೂರಬೇಕಾಗುವುದಿಲ್ಲ.