ಬಂಡೆಸಂದಿನ ಮಂಗರವಳ್ಳಿ

ಏಪ್ರಿಲ್ ಮಧ್ಯಾಹ್ನ ಹಂಪಿಯ ಗುಡ್ಡಗಳಲ್ಲಿ ಬಂಡೆ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಅಂಥ ಬಂಡೆಗಳ ಸಂದಿಯಲ್ಲಿ, ಹಿಡಿ ಮಣ್ಣಿನಲ್ಲಿ, ಮಂಗರವಳ್ಳಿ ಹಸಿರಾಗಿಯೇ ಇರುತ್ತದೆ. ನಾಲ್ಕು ಮೂಲೆಯ ದಂಟು, ಗೆಣ್ಣಿನಲ್ಲೊಂದು ಸಣ್ಣ ಎಲೆ. ಬಿಸಿಲು ಬಲಿತರೆ ಆ ಎಲೆಯೂ ಉದುರುತ್ತದೆ. ಆಮೇಲೆ ಆಹಾರ ತಯಾರಿಸುವ ಕೆಲಸವೆಲ್ಲ ದಂಟಿನದೇ.

ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅದೇ ದಾರಿಯಲ್ಲಿ ಮೈನೀರೂ ಆವಿಯಾಗಿ ಹೋಗುತ್ತದೆ. ಮಂಗರವಳ್ಳಿಯ ದಂಟು ಹಗಲು ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆಯುತ್ತದೆ. ಎಳೆದುಕೊಂಡದ್ದನ್ನು ಹುಳಿಯಾಗಿ ಕೂಡಿಟ್ಟು, ಮರುದಿನದ ಬಿಸಿಲಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ. ಹೀಗಾಗಿ ದಂಟಿನೊಳಗಿನ ಹುಳಿ ಬೆಳಗಿನ ಜಾವಕ್ಕೆ ಏರಿ ಸಂಜೆಗೆ ಇಳಿದಿರುತ್ತದೆ. ಎಳೆ ದಂಟು ಹುರಿದು ಚಟ್ನಿ ಅರೆಯುವವರು ಒಮ್ಮೆ ಎರಡು ಹೊತ್ತಿನದನ್ನೂ ಕಿತ್ತು ನೋಡಬಹುದು.

ಇದೇ ನೆಲದ ಬಂದರಿಕೆ ಗಿಡ ಎಲೆಗೆ ಅಂಟಿನ ಲೇಪ ಬಳಿದುಕೊಂಡು ನೀರು ಉಳಿಸುತ್ತದೆ. ಕಮರ ಮರದ ಸಸಿ ಮೊದಲ ಕೆಲವು ವರ್ಷ ಮೇಲೇಳುವುದೇ ಕಡಿಮೆ. ಬೇರು ಮಾತ್ರ ಆಳಕ್ಕೆ ಇಳಿಯುತ್ತಿರುತ್ತದೆ. ಕಂಪ್ಲಿಯ ಗದ್ದೆಗಳಲ್ಲಿ ಕಷ್ಟ ಬೇರೆ ತರಹದ್ದು. ತುಂಗಭದ್ರೆಯ ಕಾಲುವೆ ನೀರಲ್ಲಿ ಮುಳುಗಿದ ಬೇರಿಗೆ ಉಸಿರು ಬೇಕು, ಭತ್ತ ತನ್ನ ಕಾಂಡದೊಳಗಿನ ಗಾಳಿಯ ದಾರಿಯಿಂದ ಅದನ್ನು ಕೆಳಗೆ ಕಳಿಸುತ್ತದೆ. ನೀರು ಹೆಚ್ಚಾಗಿ ನೆಲ ಸವಳಾದರೆ ಮಾತ್ರ ಭತ್ತವೂ ಸೋಲುತ್ತದೆ.

ಗುಡ್ಡದ ಗಿಡಗಳ ಈ ಜಾಣ್ಮೆಯೆಲ್ಲ ಸಾವಿರಾರು ತಲೆಮಾರು ಬರ ಉಂಡು ಬಂದದ್ದು. ಸಂಡೂರಿನ ಗಣಿಗಳ ಅದಿರಿನ ಧೂಳು ಬಂದದ್ದು ನಿನ್ನೆ ಮೊನ್ನೆ. ಲಾರಿ ಓಡುವ ದಾರಿಯ ಪಕ್ಕದ ಗಿಡಗಳನ್ನು ನೋಡಿ, ಎಲೆಯ ಹಸಿರೇ ಕಾಣದಷ್ಟು ಕೆಂಪು. ಧೂಳು ಬೆಳಕನ್ನು ತಡೆಯುತ್ತದೆ, ರಂಧ್ರಗಳನ್ನು ಕಟ್ಟುತ್ತದೆ, ಮಳೆ ಬಂದು ತೊಳೆಯುವವರೆಗೂ ಬಿಡುವುದಿಲ್ಲ. ಇದಕ್ಕೆ ಉತ್ತರ ಕಲಿಯುವಷ್ಟು ಕಾಲವನ್ನು ನಾವು ಆ ಗಿಡಗಳಿಗೆ ಕೊಟ್ಟಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಮತ್ತೆ ಶುರುವಾಗಬೇಕಾದರೆ ಕೆಡಿಸಿದ ನೆಲವನ್ನು ಸರಿಪಡಿಸಿ ಹಸಿರು ಬೆಳೆಸುವ ಯೋಜನೆ ಕಡ್ಡಾಯವಾಯಿತು. ಸಸಿ ನೆಡುವವರಲ್ಲಿ, ಲೆಕ್ಕ ಬರೆಯುವವರಲ್ಲಿ ಒಂದೇ ಮನವಿ: ಬೇಗ ಎತ್ತರವಾಗುವ ಹೊರಗಿನ ಗಿಡಕ್ಕೆ ಆಸೆಪಡಬೇಡಿ. ಈ ನೆಲದ ಕಮರ, ಬಂದರಿಕೆ, ತಂಗಡಿಗಳಿಗೇ ಜಾಗ ಕೊಡಿ. ಮೂರು ವರ್ಷವಾದರೂ ಗೇಣುದ್ದವೇ ಇದೆಯೆಂದು ಕಮರದ ಸಸಿಯನ್ನು ಸತ್ತದ್ದರ ಲೆಕ್ಕಕ್ಕೆ ಸೇರಿಸಬೇಡಿ.