ಹೊಸ್ತಿಲಿನಾಚೆ

ಮನೆಯನ್ನು ಗುಡಿಸಿ ಕಸವನ್ನು ಹೊರಗೆ ಹಾಕುವುದು ಶುಚಿತ್ವವೆಂದು ನಾವೆಲ್ಲರೂ ಬಲ್ಲೆವು. ಆದರೆ ವಾಚಕರೇ, ಆ ‘ಹೊರಗೆ’ ಎಂಬುದು ಎಲ್ಲಿದೆಯೆಂದು ಎಂದಾದರೂ ವಿಚಾರಿಸಿದ್ದೀರಾ? ವಸ್ತುವೊಂದು ನಮ್ಮ ಹೊಸ್ತಿಲನ್ನು ದಾಟಿದೊಡನೆ ಅದರ ಮೇಲಿನ ಒಡೆತನವು ಮುಗಿಯಬಹುದು, ಹೊಣೆಯೂ ಮುಗಿಯುವುದೇ?

ನಮ್ಮ ಹಿರಿಯರಿಗೆ ಈ ಪ್ರಶ್ನೆ ಏಳಲು ಅವಕಾಶವೇ ಇರಲಿಲ್ಲ. ಸಗಣಿ, ಬೂದಿ, ತರಗೆಲೆ, ಅಡಿಗೆಮನೆಯ ಸಿಪ್ಪೆ ಎಲ್ಲವೂ ಹಿತ್ತಲಿನ ತಿಪ್ಪೆಯಲ್ಲಿ ಕೊಳೆತು, ಮುಂಗಾರಿಗೆ ಮುನ್ನ ಬಂಡಿಯೇರಿ ಹೊಲವನ್ನು ಸೇರುತ್ತಿದ್ದವು. ಅವರು ನಮಗಿಂತ ಧರ್ಮಿಷ್ಠರಾಗಿದ್ದುದರಿಂದ ಹೀಗಾಯಿತೆಂದು ಹೇಳಲಾರೆ. ಕೊಳೆಯದ ವಸ್ತುಗಳು ಅವರ ಮನೆಗೆ ಬರುತ್ತಿದ್ದುದೇ ವಿರಳ. ಅಲ್ಲದೆ ತಿಪ್ಪೆ ನಾರಿದರೆ ನಾರುತ್ತಿದ್ದುದು ಅವರವರ ಮೂಗಿಗೇ.

ಇಂದಿನ ನಗರವಾಸಿಯ ಕಸ ನಾರುವುದು ಪರರ ಮೂಗಿಗೆ. ಬೆಂಗಳೂರಿನ ಪೂರ್ವಕ್ಕಿರುವ ಮಂಡೂರು ಎಂಬ ಹಳ್ಳಿಯ ಬಳಿ ಮಹಾನಗರದ ಲಾರಿಗಳು ವರ್ಷಗಟ್ಟಲೆ ಕಸವನ್ನು ಸುರಿದವು. 2012ರಲ್ಲಿ ಮಾವಳ್ಳಿಪುರದಲ್ಲಿ ಸುರಿಯುವುದು ನಿಂತಾಗ ಮಂಡೂರಿನ ಹೊರೆ ಇನ್ನಷ್ಟು ಹೆಚ್ಚಿತು. ಗ್ರಾಮಸ್ಥರು ಪ್ರತಿಭಟಿಸಿ ಲಾರಿಗಳನ್ನು ತಡೆದ ಮೇಲೆ, 2014ರ ಕೊನೆಗೆ ಅಲ್ಲಿಯೂ ನಿಂತಿತು. ನಗರದ ಕಸವೇನೂ ನಿಲ್ಲಲಿಲ್ಲ; ಅದು ಬೇರೆ ಹಳ್ಳಿಗಳ ಹಳೆಯ ಕಲ್ಲುಗಣಿಗಳನ್ನು ಹುಡುಕಿಕೊಂಡು ಹೋಯಿತು.

ಇಂತಹ ರಾಶಿಯ ಒಳಗೆ ನಡೆಯುವುದೇನು? ಗಾಳಿಯಾಡದೆ ಕೊಳೆಯುವ ಅನ್ನ, ತರಕಾರಿಗಳಿಂದ ಬೆಂಕಿ ಹೊತ್ತುವ ಮೀಥೇನ್ ಅನಿಲವೂ ಕಪ್ಪು ರಸವೂ ಹೊರಡುತ್ತವೆ. ಆ ರಸವು ಹುಳಿಯಾದುದು. ಹಳೆಯ ಬ್ಯಾಟರಿ, ಬಣ್ಣದ ಡಬ್ಬಿಗಳಲ್ಲಿನ ಸೀಸ ಮೊದಲಾದ ಲೋಹಗಳನ್ನು ಕರಗಿಸಿಕೊಂಡು ಅಂತರ್ಜಲದತ್ತ ಇಳಿಯುತ್ತದೆ. ನಿನ್ನೆ ಉಳಿದ ಸಾರು ತಾನಾಗಿ ಯಾರಿಗೂ ವಿಷವಲ್ಲ, ಸೆಲ್ಲನ್ನು ಬೇರೆಯಾಗಿಟ್ಟರೆ ಅದರಿಂದಲೂ ಒಡನೆಯೇ ಕೇಡಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ ನಮ್ಮ ಕೈಯೇ ಒಂದರ ವಿಷವನ್ನು ಇನ್ನೊಂದರ ಮೂಲಕ ಯಾರದೋ ಬಾವಿಗೆ ಕಳುಹಿಸುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದುದಕ್ಕೆ ಇದೇ ಕಾರಣ.

“ನಾನೊಬ್ಬನು ಬೇರ್ಪಡಿಸಿದರೇನು, ಲಾರಿಯಲ್ಲಿ ಮತ್ತೆ ಕಲಸಿಬಿಡುತ್ತಾರಲ್ಲ!” ಎನ್ನುವವರುಂಟು. ಹಲವು ಕಡೆ ಹಾಗೆ ನಡೆಯುವುದು ಸುಳ್ಳಲ್ಲ, ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಲಾರಿಗೂ ಮುನ್ನ ಆ ಚೀಲಕ್ಕೆ ಕೈಹಾಕುವ ಪೌರಕಾರ್ಮಿಕಳೊಬ್ಬಳಿದ್ದಾಳೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಗುರುತುಮಾಡಿ ಕೊಟ್ಟರೆ ಅವಳ ಬೆರಳು ಉಳಿಯುತ್ತದೆ. ಇದಕ್ಕೆ ಊರವರೆಲ್ಲರ ಒಪ್ಪಿಗೆ ಬೇಕಾಗಿಲ್ಲ. ಹಾಗೆಯೇ ಪಾದರಸವುಳ್ಳ ಹಳೆಯ ಟ್ಯೂಬ್‌ಲೈಟು, ಜ್ವರಮಾಪಕಗಳು. ಒಡೆದಾಗ ಅದರ ಆವಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಮೊದಲು ಉಸಿರಾಡುವವಳೂ ಅವಳೇ. ಇವನ್ನು ಒಡೆಯದಂತೆ ಪ್ರತ್ಯೇಕವಾಗಿ ಕೂಡಿಟ್ಟು, ಇಂಥವನ್ನು ಸ್ವೀಕರಿಸುವ ಕೇಂದ್ರಕ್ಕೆ ನಾವೇ ಒಯ್ದು ಕೊಡುವುದು ಯೋಗ್ಯ.

ಆದರೂ ಒಳಗೆ ಬಂದ ವಿಷವನ್ನು ಜೋಪಾನವಾಗಿ ಕಳುಹಿಸುವುದಕ್ಕಿಂತ ಒಳಗೆ ಬರಗೊಡದಿರುವುದೇ ಲೇಸು. ನುಸಿಗುಳಿಗೆಯನ್ನೇ ನೋಡಿರಿ. ಬಟ್ಟೆಯ ಪೆಟ್ಟಿಗೆಗೆ ಅದನ್ನು ಹಾಕುವುದರಲ್ಲಿ ದೋಷವೇನೆಂದು ಯಾರೂ ಕೇಳುವುದಿಲ್ಲ. ಅದರಲ್ಲಿ ನ್ಯಾಫ್ತಲೀನ್ ಇದ್ದಲ್ಲಿ, ರಕ್ತದ ಒಂದು ಕಿಣ್ವವು ಹುಟ್ಟಿನಿಂದಲೇ ಕೊರತೆಯಾಗಿರುವ ಶಿಶುಗಳ ಕೆಂಪು ರಕ್ತಕಣಗಳನ್ನು ಅದು ಒಡೆದು, ತೀವ್ರವಾದ ಕಾಮಾಲೆಯನ್ನು ತರಬಲ್ಲದು. ಮಗುವಿಗೆ ಆ ಕೊರತೆಯಿದೆಯೆಂದು ತಾಯಿಗೆ ಮುಂಚೆ ತಿಳಿದಿರುವುದೇ ಅಪರೂಪ. ತೊಟ್ಟಿಲಿಗೆಂದು ಅಜ್ಜಿಯ ಮೆತ್ತನೆಯ ಸೀರೆಯನ್ನು ನಾವು ತೆಗೆಯುವುದೂ ಅದೇ ಪೆಟ್ಟಿಗೆಯಿಂದಲೇ. ನೆರಳಲ್ಲಿ ಒಣಗಿಸಿದ ಬೇವಿನೆಲೆಯನ್ನು ಬಟ್ಟೆಯ ಮಡಿಕೆಗಳಲ್ಲಿ ಇಡುವ ರೂಢಿ ನಮ್ಮಲ್ಲಿ ಇದ್ದೇ ಇತ್ತು. ವರ್ಷಕ್ಕೆರಡು ಬಾರಿ ಬದಲಿಸುವ ಶ್ರಮವುಂಟು, ನಿಜ. ಪುಡಿಯಾದ ಎಲೆಯನ್ನು ತುಳಸಿಯ ಬುಡಕ್ಕೆ ಕೊಡವಿದರಾಯಿತು, ಅದಕ್ಕೆ ಲಾರಿ ಬೇಕಾಗಿಲ್ಲ.